ದೇವರ ಜಗಲಿ ಏರಿದ ಕೀಬೋರ್ಡ್

ಮಂಗಸೂಳಿ
ಬುಧವಾರ, ೪ ಫೆಬ್ರುವರಿ ೨೦೨೬

ಅಖಂಡ ಕಾಗವಾಡ ತಾಲೂಕಿನ ಬೆರಳಚ್ಚು ಚಕ್ರವರ್ತಿನಿ, ಕನ್ನಡ-ಮರಾಠಿ ಲಗ್ನಪತ್ರಿಕೆಗಳ ಮಹಾಮಾತೆ, ಕಾಗುಣಿತ ತಪ್ಪಿದವರ ಪಾಲಿನ ಯಮಧರ್ಮಿಣಿ, ತಮ್ಮನ ಎಡಗಿವಿಯ ಆಜೀವ ಹಕ್ಕುದಾರರಾದ ಕುಮಾರಿ ಕೋಮಲ ಅವರ ಸನ್ನಿಧಾನಕ್ಕೆ, ಈ ಮನೆಯ ಕಟ್ಟಕಡೆಯ ಪ್ರಜೆಯಾದ ರೂಪೇಶನು ಬಾಗಿಲ ಹೊರಗೇ ನಿಂತು, ಓಡಲು ಅನುಕೂಲವಾಗಲೆಂದು ಚಪ್ಪಲಿ ಕಾಲಲ್ಲೇ ಇಟ್ಟುಕೊಂಡು ಮಾಡಿಕೊಳ್ಳುವ ಬಿನ್ನಹ.

ಪ್ರೀತಿಯ ಅಕ್ಕಾ,

ಆರಾಮ ಇದ್ದೀಯಾ? ಬೆಳಗಾವಿಯ ಚಳಿಗೆ ಬೆರಳು ಸೆಟೆದುಕೊಳ್ಳುತ್ತವೆ ಎಂದು ಹೇಳಿ ಕಳಿಸಿದ್ದೆಯಲ್ಲ, ಅವ್ವ ಕೊಬ್ಬರಿ ಎಣ್ಣೆಯ ಬಾಟಲಿ ಇಟ್ಟಿದ್ದಾಳೆ. ಬಿಸಿ ಮಾಡಿ ತಿಕ್ಕಿಕೊ. ಅವ್ವನ ತಂಗಿ, ನಮ್ಮ ಮಾವಶಿ ಹೊಟ್ಟೆ ತುಂಬ ಊಟಕ್ಕೆ ಹಾಕುತ್ತಾಳೋ, ಇಲ್ಲ ಟೈಪಿಂಗ್ ಪರೀಕ್ಷೆಯ ಹುಡುಗಿಗೆ ನಿದ್ದೆ ಬರುತ್ತದೆಂದು ಅರ್ಧ ರೊಟ್ಟಿಗೇ ಕೈ ಹಿಡಿಯುತ್ತಾಳೋ? ಇಲ್ಲಿ ಅವ್ವ ಚೆನ್ನಾಗಿದ್ದಾಳೆ. ಅಪ್ಪ ಕಬ್ಬಿನ ಟ್ರ್ಯಾಕ್ಟರ್ ಜೊತೆ ಕಾರ್ಖಾನೆಯ ಸಾಲಿನಲ್ಲಿದ್ದಾನೆ. ಫೋನ್ ಹಚ್ಚಿದಾಗಲೆಲ್ಲ "ಇನ್ನ ಮುಂದ ಗಾಡಿ ಭಾಳ ಅದಾವ" ಎನ್ನುತ್ತಾನೆ, ಇಡುತ್ತಾನೆ. ಆಡು ಚೆನ್ನಾಗಿದೆ, ನಡುವೆ ಒಂದು ದಿನ ಚೆನ್ನಾಗಿರಲಿಲ್ಲ, ಅದರ ಕಾರಣ ಮುಂದೆ ಬರುತ್ತದೆ. ಅಜ್ಜಿಯ ಕ್ಷೇಮಸಮಾಚಾರವೂ ಮುಂದೆಯೇ ಬರುತ್ತದೆ. ಅದನ್ನು ಬರೆಯಲಿಕ್ಕೇ ಈ ಕಾಗದ.

ಫೋನ್ ಇರುವ ಕಾಲದಲ್ಲಿ ಕಾಗದ ಯಾಕೆ ಎಂದು ಕೇಳುತ್ತೀ. ನಿನ್ನ ಫೋನನ್ನು ಪರೀಕ್ಷೆ ಮುಗಿಯುವ ತನಕ ಬಂದ್ ಮಾಡಿ ಟ್ರಂಕಿನೊಳಗೆ ಇಟ್ಟಿದ್ದೀಯಂತೆ. ಮಾವಶಿಗೆ ಹೇಳೋಣವೆಂದರೆ, ಆಕೆಯ ಕಿವಿಗೆ ಬಿದ್ದ ಮಾತು ಚಹಾ ಕುದಿಯುವಷ್ಟರಲ್ಲಿ ತಿರುಗಿ ನಮ್ಮ ಓಣಿಗೇ ಬಂದು ಮುಟ್ಟುತ್ತದೆ. ಆದ್ದರಿಂದ ದ್ರಾಕ್ಷಿ ಗಾಡಿ ತೆಗೆದುಕೊಂಡು ಬೆಳಗಾವಿಗೆ ಹೊರಟಿರುವ ದಾದಾಸಾಹೇಬ ಕಾಕಾನ ಕೈಯಲ್ಲಿ ಈ ಸ್ಟೀಲ್ ಡಬ್ಬಿ ಕಳಿಸುತ್ತಿದ್ದೇನೆ. ನೀನು ಕೇಳಿದ ಕೀಬೋರ್ಡು ಇದರೊಳಗಿದೆ. ಅಂದರೆ ಅದರ ಆತ್ಮ ಇದೆ: ಕೀಗಳು, ಹಸಿರು ಹಲಗೆ, ವೈರು, ಚಿಂದಿಯಲ್ಲಿ ಕಟ್ಟಿದ ಸ್ಕ್ರೂಗಳು. ಶರೀರ ಮಾತ್ರ ಇಲ್ಲ. ಕಿರುಚಬೇಡ, ಮಾವಶಿ ಹೆದರುತ್ತಾಳೆ.

ಮೊದಲಿನಿಂದ ಹೇಳುತ್ತೇನೆ. ಮಿರಜಿನಲ್ಲಿ ಹಳೆಯದು ಕೊಂಡ ಆ ಕೀಬೋರ್ಡಿನ ಪ್ಲಾಸ್ಟಿಕ್ ಮೈ ಯಾವ ಕಾಲದಲ್ಲಿ ಬಿಳಿಯಿತ್ತೋ ನಮ್ಮೂರ ಗುಡಿಯ ಮಲ್ಲಯ್ಯನೇ ಬಲ್ಲ. ನಮ್ಮ ಮನೆಗೆ ಬರುವಷ್ಟರಲ್ಲಿ ಅದು ನಿಪ್ಪಾಣಿಯ ತಂಬಾಕು ತಿಕ್ಕುವವರ ಹಲ್ಲಿನ ಬಣ್ಣಕ್ಕೆ ಬಂದಿತ್ತು. "ಇದಕ್ಕ ಒಮ್ಮೆ ನವಿಲಿನ ಬಣ್ಣ ಹೊಡಸಬೇಕ ನೋಡೋ" ಎಂದವಳು ನೀನೇ. ಕ್ಲಾಸಿನ ಮೆತ್ತನೆಯ ಕೀಗಳ ಮೇಲೆ ಬೆರಳು ಜಾರುತ್ತವೆ, ಪರೀಕ್ಷೆಗೆ ನಮ್ಮದೇ ಒಯ್ಯಬಹುದಂತೆ, ನನ್ನದನ್ನು ಕಳಿಸು ಎಂದು ನೀನು ಹೇಳಿ ಕಳಿಸಿದ ದಿನ ನನ್ನೊಳಗೆ ಒಬ್ಬ ಆದರ್ಶ ತಮ್ಮ ಎದ್ದು ಕುಳಿತ. ಅವನು ಹಾಗೆ ಏಳುವುದು ಅಪರೂಪ. ಇನ್ನು ಮುಂದೆ ಏಳುವುದೂ ಇಲ್ಲ.

ಗಾಡಿಗಳಿಗೆ ಬಣ್ಣ ಹೊಡೆಯುವ ಇಸ್ಮಾಯಿಲ ಚಾಚಾನ ಮಗ ಅರ್ಮಾನ ಯಾರದೋ ಬೈಕಿನ ಪೆಟ್ರೋಲ್ ಟಾಕಿಗೆ ಹೊಡೆದು ಉಳಿದ ನೀಲಿ ಸ್ಪ್ರೇ ಡಬ್ಬಿ ಕೊಟ್ಟ. ಕೊಡುವಾಗ ಒಂದು ಉಪದೇಶವನ್ನೂ ಕೊಟ್ಟ: "ಗೇಣ ದೂರ ಹಿಡಿ. ತೆಳ್ಳಗ ಒಂದ ಕೈ ಹೊಡಿ, ಒಣಗಲಿ, ಆಮ್ಯಾಲ ಇನ್ನೊಂದ ಕೈ. ಗಡಬಡಿ ಮಾಡಿದಿ ಅಂದ್ರ ಸೋರತೈತಿ ಲೇ. ಸೋರಿದ ಮ್ಯಾಲ ನನ್ನ ಹೆಸರ ಹೇಳಬ್ಯಾಡ." ನಾನು ಆ ಪ್ಲಾಸ್ಟಿಕ್ ಕೇಸನ್ನು ಬಿಚ್ಚಿದೆ, ಸೋಪಿನ ನೀರಲ್ಲಿ ತೊಳೆದೆ, ಉಸುಕಿನ ಕಾಗದದಿಂದ ತಿಕ್ಕಿದೆ, ಒರೆಸಿದೆ. ಅಲ್ಲಿಯ ತನಕ ನನ್ನ ಕೆಲಸ ಸರಕಾರಿ ಕಚೇರಿಯ ಬಿಲ್ಲಿನಷ್ಟು ಸ್ವಚ್ಛವಾಗಿತ್ತು. ಹೋದ ವಾರದ ಹಿಂದಿನ ರವಿವಾರ ಅದನ್ನು ಮಾಳಿಗೆಯ ಮೇಲೆ ಗೋಡೆಗೆ ಆನಿಸಿ ನಿಲ್ಲಿಸಿ ಸ್ಪ್ರೇ ಹಿಡಿದೆ. ಮೊದಲ ಕೈ ಮೋಡದ ನೆರಳಿನಂತೆ ತೆಳ್ಳಗೆ ಕೂತಿತು. ಅದು ಒಣಗುವ ತನಕ ಕಾಯುವುದು ನಿನ್ನ ತಮ್ಮನಿಂದ ಆಗುವ ಮಾತೇ? ಹತ್ತಿರ ಹಿಡಿದೆ, ಒತ್ತಿದೆ, ಒತ್ತುತ್ತಲೇ ಇದ್ದೆ. ನೆಗಡಿಯಾದ ಕೂಸಿನ ಮೂಗಿನ ಹಾಗೆ ಮೂರು ಕಡೆ ಬಣ್ಣ ಇಳಿಯಿತು. ಒರೆಸಲು ಹೋದರೆ ಇನ್ನೂ ಹೊಲಸಾಗುತ್ತದೆ. ನಿನ್ನ ಮುಖ ಕಣ್ಣ ಮುಂದೆ ಬಂತು, ನನ್ನ ಎಡಗಿವಿ ತಾನಾಗಿಯೇ ಬಿಸಿಯಾಯಿತು.

ಅದೇ ಹೊತ್ತಿಗೆ ಕೆಳಗೆ ಓಣಿಯಲ್ಲಿ ಸಾಂಗಲಿ ಕಡೆಯ ಪರಸೆಯವರು ಗುಡಿಗೆ ಹೊರಟಿದ್ದರು. ಏಳಕೋಟ ಎಂದು ಕೂಗುತ್ತ ಭಂಡಾರ ತೂರುತ್ತಿದ್ದರು. ನಮ್ಮೂರಲ್ಲಿ ರವಿವಾರ ಯಾರೂ ಬಿಳಿ ಅರಿವೆ ಒಣಹಾಕುವುದಿಲ್ಲ ಎಂಬುದು ತೊಟ್ಟಿಲ ಕೂಸಿಗೂ ಗೊತ್ತು. ಹಾರಿದ ಅರಿಷಿಣ ಹುಡಿ ಎಲ್ಲಿ ಬೇಕೆಂದರಲ್ಲಿ ಕೂರುತ್ತದೆ. ಆದರೆ ಆವತ್ತು, ಅಕ್ಕಾ, ಅದು ಮಾಳಿಗೆಯ ತನಕ ಬರಲಿಲ್ಲ. ಗೋಡೆಯ ಕೆಳಗೇ ಇಳಿದುಹೋಯಿತು. ನನ್ನ ತಲೆಯೊಳಗೆ ಮಾತ್ರ ಒಂದು ದೀಪ ಹತ್ತಿತು. ಕೆಳಗಿಳಿದು ಅಜ್ಜಿಯ ಭಂಡಾರದ ಚೀಲದಿಂದ ಒಂದು ಮುಷ್ಟಿ ತಂದೆ. ಆ ಮೂರು ಸೋರಿಕೆಗಳ ಮೇಲೆ ಒಳ್ಳೆ ಅಡಿಗೆಯವನು ಉಪ್ಪು ಉದುರಿಸಿದ ಹಾಗೆ ಉದುರಿಸಿದೆ. ದೇವರ ಕೆಲಸಕ್ಕೆ ನಾನು ಜವಾಬ್ದಾರನಲ್ಲ, ಮಲ್ಲಯ್ಯ ಮಾಡಿದ್ದನ್ನು ಪ್ರಶ್ನಿಸಲು ನೀನ್ಯಾರು ಕೋಮಲಕ್ಕಾ, ಎಂದು ನಿನ್ನೆದುರು ಹೇಳಬೇಕಾದ ಭಾಷಣವನ್ನೂ ತಯಾರು ಮಾಡಿಕೊಂಡೆ. ಹಸಿ ಬಣ್ಣ ಹುಡಿಯನ್ನು ಹಿಡಿದುಕೊಂಡಿತು. ಇನ್ನು ಕಲ್ಲಿನಿಂದ ಉಜ್ಜಿದರೂ ಹೋಗುವುದಿಲ್ಲ.

ಮೆಣಸಿನಕಾಯಿ ಹರವಲು ಅಜ್ಜಿ ಮೇಲೆ ಬಂದಳು. ನಾನು ಅವಸರದಲ್ಲಿ ಕೇಸನ್ನು ಅಡ್ಡ ತಿರುಗಿಸಿ ಇಟ್ಟಿದ್ದೆ. ಮೇಲಿಂದ ಕೆಳಗೆ ಇಳಿದಿದ್ದ ಮೂರು ಗೆರೆಗಳು ಈಗ ಅಡ್ಡಡ್ಡ ಮಲಗಿದ್ದವು, ಹಳದಿಯಾಗಿ, ಸಾಲಾಗಿ, ಮಲ್ಲಯ್ಯನ ಮೂರ್ತಿಯ ಹಣೆಯ ಭಂಡಾರದ ಪಟ್ಟಿಗಳಂತೆ. ಅಜ್ಜಿ ಅದನ್ನು ನೋಡಿದಳು. ಮೆಣಸಿನಕಾಯಿ ಬುಟ್ಟಿ ಕೆಳಗಿಟ್ಟಳು. ಚಪ್ಪಲಿ ಬಿಟ್ಟಳು. ಮಾಳಿಗೆಯ ಮೇಲೆ ಯಾರಾದರೂ ಚಪ್ಪಲಿ ಬಿಡುತ್ತಾರೇನು? "ನನ್ನ ಮನೀಗೇ ಬಂದ್ಯೇನೋ, ತಂದೆ" ಎಂದಳು, ಅಷ್ಟು ಮೆತ್ತಗೆ. ಆಗ ಒಂದು ಮಾತು ಸಾಕಾಗಿತ್ತು. ನಾನು ನಗು ತಡೆದುಕೊಳ್ಳುವುದರಲ್ಲಿ ತೊಡಗಿದ್ದೆ.

ಸಂಜೆಯೊಳಗೆ ನಿನ್ನ ಕೀಬೋರ್ಡಿನ ಕೇಸು ದೇವರ ಜಗಲಿಯ ಮೇಲೆ, ಮಲ್ಲಯ್ಯನ ಪಕ್ಕದಲ್ಲಿ, ಹೊಸ ಕುಪ್ಪಸದ ಖಣದ ಮೇಲೆ ಕುಳಿತಿತ್ತು. ಓಣಿಯವರು ಬಂದು ಕಾಯಿ ಒಡೆದರು. ಕೀಗಳು ಇರಬೇಕಾದ ಖಾಲಿ ಜಾಗದಲ್ಲಿ ಅಜ್ಜಿ ಹೂವು ತುಂಬಿದಳು. ಇಲ್ಲಿಯ ತನಕ ನಗು. ಮರುದಿನ ಬೆಳಿಗ್ಗೆ ಆಕೆ ಬಿಪಿ ಗುಳಿಗೆ, ಸಕ್ಕರೆ ಗುಳಿಗೆ ಎರಡನ್ನೂ ಹಳದಿ ಅರಿವೆಯಲ್ಲಿ ಗಂಟು ಕಟ್ಟಿ ಆ ಕೇಸಿನ ಮುಂದೆ ಇಟ್ಟುಬಿಟ್ಟಳು. "ಕೋಮಲಿ ಪಾಸಾದ ಸುದ್ದಿ ಬರೂ ತನಕ ಗುಳಿಗಿ ಮುಟ್ಟೂದಿಲ್ಲಪಾ, ಮಲ್ಲಯ್ಯ. ಇನ್ನ ನೀನ ನೋಡಕೋ."

ಅಕ್ಕಾ, ಸರಕಾರಿ ಫಲಿತಾಂಶ ಯಾವಾಗ ಬರುತ್ತದೆ ಎಂದು ಆ ಸರಕಾರಕ್ಕೇ ಗೊತ್ತಿರುವುದಿಲ್ಲ. ಹೋದ ವರ್ಷ ಮದುವೆ ಮನೆಯ ಗದ್ದಲದಲ್ಲಿ ಗುಳಿಗೆ ಮರೆತು ಅಜ್ಜಿಯ ಬಾಯಿ ಸೊಟ್ಟಗಾದದ್ದು, ನೀನು ಆಕೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಜೀಪಿನಲ್ಲಿ ಮಿರಜಿಗೆ ಒಯ್ದದ್ದು ನಿನಗೆ ನೆನಪಿದೆ. "ಇನ್ನೊಮ್ಮೆ ಬಿಟ್ಟರ ಕೈ ಮೀರತೈತ್ರಿ" ಎಂದು ಡಾಕ್ಟರು ಹೇಳಿದಾಗ ನಾನು ಬಾಗಿಲ ಹಿಂದೆ ನಿಂತಿದ್ದೆ. ಆ ಮಾತು ಈಗ ನನ್ನ ಕಿವಿಯಲ್ಲೇ ಮನೆ ಮಾಡಿದೆ.

ಪ್ರಯತ್ನ ಮಾಡಿಲ್ಲ ಅನ್ನಬೇಡ. "ಭಂಡಾರ ಗಾಳಿಗೆ ಹಾರಿ ಬಂದಿದ್ದು ಇರಬೇಕ ಬಿಡಬೇ ಅಜ್ಜಿ" ಎಂದೆ. "ಗಾಳಿ ಯಾರದೋ?" ಎಂದಳು. ಇದಕ್ಕೆ ನಿನ್ನ ಬಳಿ ಉತ್ತರವಿದ್ದರೆ ಬರೆದು ಕಳಿಸು. ಔಷಧ ಅಂಗಡಿಯಿಂದ ಅವೇ ಗುಳಿಗೆ ತಂದು ಅರೆದು ಮಜ್ಜಿಗೆಯಲ್ಲಿ ಕಲಸಿ ಕೊಟ್ಟೆ. ಆಕೆ ಅದನ್ನು ಮೊದಲು ಕೇಸಿಗೆ ನೈವೇದ್ಯ ಮಾಡಿದಳು, ಆಮೇಲೆ "ಇವತ್ತ ನನಗ ಒಪ್ಪತ್ತು" ಎಂದು ಒಯ್ದು ಆಡಿಗೆ ಕುಡಿಸಿದಳು. ಆಡು ಸಂಜೆಯ ತನಕ ಕಾಲು ಮಡಚಿ ಕುಳಿತು ನನ್ನನ್ನೇ ನೋಡುತ್ತಿತ್ತು. ಅವ್ವ ಜಗಳ ಮಾಡಿದಳು. "ನಿಮ್ಮ ಮಗ ಬಂದ ಮ್ಯಾಲ ನಾ ಏನಂತ ಹೇಳ್ಲಿರಿ?" ಎಂದು ಅತ್ತಳು. ಅಂದಿನಿಂದ ಅಜ್ಜಿ ಅವ್ವನ ಜೊತೆ ಮಾತು ಬಿಟ್ಟಿದ್ದಾಳೆ. ಅಪ್ಪನಿಗೆ ಹೇಳಿದರೆ ಆತ ಸಾಲು ಬಿಟ್ಟು ಬರುತ್ತಾನೆ, ಬಂದರೂ ತಾಯಿಯ ಎದುರು ಬಾಯಿ ತೆರೆಯುವುದಿಲ್ಲ.

ನಿನ್ನೆ ಬೆಳಿಗ್ಗೆ ನಳದ ಹತ್ತಿರ ಕೊಡ ಎತ್ತಲು ಬಗ್ಗಿದ ಅಜ್ಜಿ ಹಾಗೆಯೇ ನಿಂತಳು. ಒಂದು ಕೈ ಗೋಡೆಯನ್ನು ಹುಡುಕುತ್ತಿತ್ತು, ಗೋಡೆ ಇಲ್ಲದ ಕಡೆ ಹುಡುಕುತ್ತಿತ್ತು. ನಾನು ಓಡಿಹೋಗಿ ಹಿಡಿದೆ. ಅಜ್ಜಿ ಇಷ್ಟು ಹಗುರ ಇದ್ದಾಳೆಂದು ನನಗೆ ಗೊತ್ತೇ ಇರಲಿಲ್ಲ. ಕಟ್ಟೆಯ ಮೇಲೆ ಕೂರಿಸಿ ಗಾಳಿ ಹಾಕಿದೆ. ಕಣ್ಣು ತೆರೆದವಳು ನಕ್ಕಳು. "ಏನಿಲ್ಲೋ. ಮಲ್ಲಯ್ಯ ಮೈಮ್ಯಾಲ ಬಂದ ಹೋದ" ಎಂದಳು. ಇದುವರೆಗೆ ನನ್ನ ಒಂದು ಚೇಷ್ಟೆಗೂ ಇಷ್ಟು ಖುಷಿಯಿಂದ ಯಾರೂ ನಕ್ಕಿರಲಿಲ್ಲ.

ಅಲ್ಲೇ ಹೇಳಿಬಿಟ್ಟೆ, ಎಲ್ಲವನ್ನೂ: ಸ್ಪ್ರೇ, ಸೋರಿಕೆ, ಆಕೆಯ ಚೀಲದಿಂದ ತಂದ ಮುಷ್ಟಿ. ಮಲ್ಲಯ್ಯನ ಆಣೆ ಮಾಡಿದೆ. ಅಜ್ಜಿ ನನ್ನ ಗಲ್ಲ ಹಿಡಿದು ಅಲುಗಾಡಿಸಿದಳು. "ಇದೂ ಒಂದ ಮಸ್ಕಿರಿ ಹೌದಲ್ಲೋ, ಭಾಡ್ಯಾ? ಹೋದ ದೀಪಾವಳಿಗೆ ಕರೆಂಟ ಬಿಲ್ಲ ತುಂಬಿಲ್ಲಂತ ಪೊಲೀಸರ ಬಂದಾರ ಅಂತ ನನ್ನ ಕಣಜದಾಗ ಅಡಗಿಸಿದ್ದಿ. ಈಗ ಗುಳಿಗಿ ನುಂಗಸಾಕ ದೇವರನ ಸುಳ್ಳ ಮಾಡಾಕತ್ತಿ." ಅವ್ವನನ್ನು ಕರೆದು ಅದೇ ಮಾತು ಹೇಳಿದೆ. ಅವ್ವ "ಹೊತ್ತ ಗೊತ್ತ ಐತಿಲ್ಲೋ ನಿನ್ನ ಚ್ಯಾಷ್ಟಿಗೆ?" ಎಂದು ಒಳಗೆ ಹೋದಳು. ಅರ್ಮಾನನನ್ನು ಸಾಕ್ಷಿಗೆ ಎಳೆದು ತಂದೆ. ಅವನು ಜಗಲಿಯ ಮೇಲಿನ ಹೂವು, ಊದಿನಕಡ್ಡಿ, ಅಜ್ಜಿಯ ಮುಖ ನೋಡಿ, "ನಾ ಬರೇ ಡಬ್ಬಿ ಕೊಟ್ಟೇನ್ರಿ ಅಜ್ಜಿ, ಮುಂದಿಂದ ನನಗ ಗೊತ್ತಿಲ್ಲ" ಎಂದ, ಚಪ್ಪಲಿ ಕೈಯಲ್ಲೇ ಹಿಡಿದು ಓಡಿಹೋದ. ಅವನದು ತಪ್ಪಿಲ್ಲ. ಅವನು ಸುಳ್ಳೇನೂ ಹೇಳಲಿಲ್ಲ.

ಈಗ ನೀನೊಬ್ಬಳೇ ಉಳಿದಿದ್ದೀ. ನಿನ್ನ ಮಾತು ಅಜ್ಜಿಯ ಲೆಕ್ಕದಲ್ಲಿ ಮಲ್ಲಯ್ಯನಿಗಿಂತ ಒಂದು ಮೆಟ್ಟಿಲು ಕೆಳಗೆ, ಡಾಕ್ಟರಿಗಿಂತ ಬಹಳ ಮೇಲೆ. ಮಲ್ಲಯ್ಯ ನಿನ್ನ ಕನಸಿನಲ್ಲಿ ಬಂದು ಗುಳಿಗೆ ನುಂಗಿಸು ಎಂದ ಅಂತ ಹೇಳು ಎಂದು ಮೊದಲು ಬರೆದಿದ್ದೆ. ಆ ಹಾಳೆ ಹರಿದು ಒಲೆಗೆ ಹಾಕಿದೆ. ಇನ್ನೊಂದು ಸುಳ್ಳನ್ನು ಆ ಜಗಲಿಯ ಮೇಲೆ ಏರಿಸಲು ನನಗೆ ಧೈರ್ಯವಿಲ್ಲ. ನೀನು ಫೋನ್ ಹಚ್ಚಿ ಅಜ್ಜಿಗೆ ನಿಜವಾದ ಸಿಟ್ಟಿನಿಂದ ಒಂದೇ ಮಾತು ಹೇಳು: ಅಜ್ಜಿ ಗುಳಿಗೆ ನುಂಗುವ ತನಕ ನಾನು ಪರೀಕ್ಷೆಗೆ ಕೂರುವುದಿಲ್ಲ. ನಿನ್ನ ಸಿಟ್ಟು ನಿಜವೇ ಇರುತ್ತದೆ, ಅದನ್ನು ನನ್ನ ಮೇಲಿನದರಿಂದ ಸ್ವಲ್ಪ ತೆಗೆದುಕೊ, ಬೇಕಾದಷ್ಟಿದೆ. ಆಕೆಯ ಹರಕೆ ನಿನಗಾಗಿ. ನೀನೇ ಕೂರದಿದ್ದರೆ ಆ ಹರಕೆಗೆ ನಿಲ್ಲಲು ಜಾಗವಿರುವುದಿಲ್ಲ. ನನ್ನ ಪಾಲಿನ ಶಿಕ್ಷೆಯನ್ನು ನೀನು ಬಂದ ಮೇಲೆ ಎರಡೂ ಕಿವಿಗೆ ಹಂಚಿ ಕೊಡು, ನಾನು ಓಡುವುದಿಲ್ಲ.

ಕೀಬೋರ್ಡಿನ ಹಲಗೆಯ ಕೆಳಗೆ ದಪ್ಪ ರಟ್ಟು ಕತ್ತರಿಸಿ ಇಟ್ಟಿದ್ದೇನೆ, ಸರಿದಾಡದ ಹಾಗೆ ನಾಲ್ಕು ಮೂಲೆಗೆ ಸೈಕಲ್ ಟ್ಯೂಬಿನ ತುಂಡು ಅಂಟಿಸಿದ್ದೇನೆ. ಇಲ್ಲಿ ಎಲ್ಲ ಕೀ ಒತ್ತಿ ನೋಡಿದೆ, ಒಂದೂ ತಪ್ಪುವುದಿಲ್ಲ. ನೋಡಲು ಭಿಕಾರಿಯಂತೆ ಇದ್ದರೂ ಟೈಪು ಮಾಡುವಾಗ ನಿನ್ನದೇ ಸಪ್ಪಳ ಬರುತ್ತದೆ. ಮಾವಶಿಗೆ ನಮಸ್ಕಾರ ಹೇಳು, ಕಾಕಾ ಕೊಡುವ ದ್ರಾಕ್ಷಿಯನ್ನು ಆಕೆಯ ಹುಡುಗರಿಗೆ ಹಂಚು. ಅವ್ವ ಎಣ್ಣೆಯ ಬಾಟಲಿಯ ಮುಚ್ಚಳ ಬಿಗಿಯಾಗಿ ಹಾಕು ಎಂದು ಹೇಳಲು ಹೇಳಿದ್ದಾಳೆ. ಅಜ್ಜಿ ನಿನಗೆ ಆಶೀರ್ವಾದ ಕಳಿಸಿದ್ದಾಳೆ. ಅದನ್ನು ಮಾತ್ರ ನಾನು ಚೇಷ್ಟೆ ಮಾಡದೆ ಬರೆಯುತ್ತಿದ್ದೇನೆ.

ನಿನ್ನ ಹೆದರಿದ ತಮ್ಮ,
ರೂಪೇಶ
(ಬಿರುದುಗಳನ್ನೆಲ್ಲ ಸದ್ಯಕ್ಕೆ ಹಿಂತೆಗೆದುಕೊಳ್ಳಲಾಗಿದೆ)

ತಾ.ಕ.: ದಾದಾಸಾಹೇಬ ಕಾಕಾ ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ. ಇದನ್ನು ಓದಿದ ಕೂಡಲೇ ಟ್ರಂಕು ತೆರೆದು ಫೋನ್ ಹಚ್ಚು. ನಾಳೆ ಬೇಡ, ಊಟ ಆದ ಮೇಲೆ ಬೇಡ, ಈಗ. ಇನ್ನೊಂದು ಮಾತು, ಅರ್ಮಾನನಿಗಂತೂ ಹೇಳಲೇಬೇಡ. ಇಂದು ಮಧ್ಯಾಹ್ನ ಅಜ್ಜಿ ಮಲಗಿದ್ದಾಗ ಆ ಕೇಸನ್ನು ಕದ್ದು ಬಾವಿಗೆ ಎಸೆಯೋಣ ಎಂದು ಜಗಲಿಯ ಹತ್ತಿರ ಹೋದೆ. ಮನೆಯಲ್ಲಿ ಯಾರೂ ನೋಡುತ್ತಿರಲಿಲ್ಲ. ಅದನ್ನು ಎತ್ತಲಿಲ್ಲ, ಅಕ್ಕಾ. ಕೈ ಮುಗಿದು, ಅಜ್ಜಿಗೆ ಏನೂ ಮಾಡಬ್ಯಾಡಪಾ ಎಂದು ಕೇಳಿಕೊಂಡು ಹಿಂದೆ ಬಂದೆ. ಆ ಭಂಡಾರ ಉದುರಿಸಿದವನು ನಾನೇ ಎಂದು ನನಗೆ ಆಗಲೂ ಚೆನ್ನಾಗಿ ಗೊತ್ತಿತ್ತು.