ಕೂಡಲೇ ಬಂದ ಉತ್ತರ

ಮಾರ್ಕೆಟ್ ಯಾರ್ಡ್, ಪುಣೆ
ಶನಿವಾರ, 9 ನವೆಂಬರ್ 2024

ಪ್ರೀತಿಯ ಅಣ್ಣಾ,

ಹೇಗಿದ್ದೀ? ಹಡಗಿನ ಅಡುಗೆಮನೆಯ ಶಾಖಕ್ಕೆ ಕೈಯಲ್ಲಿ ಮತ್ತೆ ಬೊಕ್ಕೆ ಏಳುತ್ತಿದೆಯೇ? ನಿದ್ದೆ ಬರುತ್ತದೆಯೇ? ನಾನು ಚೆನ್ನಾಗಿದ್ದೇನೆ. ಅಮ್ಮನ ಮಂಡಿನೋವು ಮೊದಲಿನಷ್ಟೇ ಇದೆ. ಆದರೂ ಹಮಾಲರು ಬರುವ ಮೊದಲೇ ಎದ್ದು ನಮ್ಮ ಹೋಟೆಲಿನ ಬಾಗಿಲು ತೆಗೆಯುವುದನ್ನು ಬಿಟ್ಟಿಲ್ಲ. ಚಹಾ ಮಾಡುವ ಫಕೀರಪ್ಪ ನಿನ್ನನ್ನು ಬಹಳ ಕೇಳಿದ. "ಹಡಗದಾಗ ನಮ್ಮಷ್ಟು ಖಡಕ್ ಚಾ ಸಿಗ್ತದೇನು ಕೇಳ್ರಿ ಅಕ್ಕಾರ" ಎಂದು ನಾನು ಕಾಗದ ಹಿಡಿದು ಕೂತದ್ದು ಕಂಡಾಗಿನಿಂದ ಎರಡು ಸಲ ಹೇಳಿಹೋದ. ಅದೇ ಮೂಲೆಯ ಮೇಜಿನಲ್ಲಿ ಕೂತಿದ್ದೇನೆ. ಈಗ ನಾಲ್ಕು ಗಂಟೆ. ನಿಮ್ಮ ಹಡಗಿಗೆ ಹೊಸದಾಗಿ ಸೇರುವ ಅಡುಗೆಯವರು, ಪೃಥ್ವಿರಾಜ್, ಆರಕ್ಕೆ ಬಂದು ಈ ಕಾಗದ ತೆಗೆದುಕೊಂಡು ಕಾಂಡ್ಲಾ ಬಂದರಿನ ಕಡೆಗೆ ರೈಲು ಹತ್ತುತ್ತಾರೆ. ಮೂರು ಸಲ ಬರೆದು ಹರಿದೆ. ಇದನ್ನು ಹರಿಯುವುದಿಲ್ಲ.

ನನಗೆ ಭೋಸರಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದೆ. ಕಾವ್ಯ ಓದಿದವಳು ಅಲ್ಲಿ ಏನು ಮಾಡುತ್ತಾಳೆ ಎಂದು ನೀನು ನಗುತ್ತೀ. ಅವರು ಮಾಡುವುದು ಸೋಪಿನ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ. ಒಳಗೆ ಒಂದು ಸಿಮ್, ಹಿಂದೆ ನೆಟ್‌ನ ತಂತಿ, ಮುಂದೆ ಎರಡು ಹಸಿರು ದೀಪ. ಯಾರಾದರೂ ಆ ಸಿಮ್ಮಿನ ನಂಬರಿಗೆ ಮೆಸೇಜ್ ಕಳಿಸಿದರೆ ಅದನ್ನು ಇಮೇಲ್ ಮಾಡಿ ಮುಂದಕ್ಕೆ ದಾಟಿಸುತ್ತದೆ. ಇಮೇಲಿಗೆ ಬಂದ ಉತ್ತರವನ್ನು ಮತ್ತೆ ಮೆಸೇಜ್ ಮಾಡಿ ಫೋನಿಗೆ ತಲುಪಿಸುತ್ತದೆ. ಅದರ ಜೊತೆ ಇಡುವ ಪುಸ್ತಿಕೆಯನ್ನು ಕನ್ನಡದಲ್ಲಿ ಬರೆಯುವವಳು ನಾನು. ಮುಚ್ಚಳದ ಮೇಲೆ ಗೀರು ಬಿದ್ದು ಮೂಲೆಗೆ ಹಾಕಿದ್ದ ಒಂದು ಹಳೆಯ ಮಾದರಿಯದನ್ನು ಮಾಲೀಕರಲ್ಲಿ ಕೇಳಿ ತಂದೆ. ಕೇಳುವ ಧೈರ್ಯ ಬರಲು ಎಂಟು ದಿನ ಬೇಕಾಯಿತು. ಅದನ್ನು ಗಲ್ಲಾದ ಮೇಲಿನ ಹಲಗೆಯಲ್ಲಿ, ಅಪ್ಪನ ಫೋಟೋದ ಪಕ್ಕ ಇಟ್ಟಿದ್ದೇನೆ. ನಿನ್ನ ಹಳೆಯ ನಂಬರು ಬಂದ್ ಆಗಿತ್ತು, ಹಡಗಿನ ಕಂಪನಿ ಕೊಟ್ಟ ಇಮೇಲ್ ವಿಳಾಸವೊಂದೇ ನಮ್ಮಲ್ಲಿತ್ತು. ಅಮ್ಮನಿಗೆ ಬರುವುದು ಗುಂಡಿ ಒತ್ತುವ ಫೋನು. ಅದರಲ್ಲಿ ತರಕಾರಿಗೆ ಮೆಸೇಜ್ ಹಾಕಲು ಅಪ್ಪ ಕಲಿಸಿದ್ದರು.

ಮೊದಲ ದಿನ ಅಮ್ಮ "ಸುಖೇಶ, ಊಟ ಆಯ್ತಾ" ಎಂದು ಕಳಿಸಿದಳು. ಕೈ ಒರೆಸಿಕೊಳ್ಳುವಷ್ಟರಲ್ಲಿ ಉತ್ತರ ಬಂತು. ಇಂಗ್ಲಿಷಿನಲ್ಲಿತ್ತು, ನಾನೇ ಓದಿ ಹೇಳಿದೆ: ನಿಮ್ಮ ಮೆಸೇಜ್ ಸಿಕ್ಕಿತು, ಕ್ಷೇಮವಾಗಿದ್ದೇನೆ, ಸ್ವಲ್ಪ ದಿನದಲ್ಲಿ ಬರೆಯುತ್ತೇನೆ, ಸುಖೇಶ್. ಅಮ್ಮನ ಮುಖ ನೋಡಬೇಕಿತ್ತು. ಫಕೀರಪ್ಪನಿಗೆ, ಚಹಾಕ್ಕೆ ಬಂದ ಹಮಾಲರಿಗೆ, ಎದುರಿನ ಈರುಳ್ಳಿ ಮಳಿಗೆಯ ರಂಗೂಬಾಯಿಗೆ, ಎಲ್ಲರಿಗೂ ಒಂದೇ ಸುದ್ದಿ: "ಕಳಿಸಿದ ಕೂಡ್ಲೆ ಉತ್ತರ ಮಾರಾಯ್ರೆ. ಅವ ಅಲ್ಲಿ ಫೋನ್ ಹಿಡ್ಕೊಂಡೇ ಕೂತಿರ್ತಾನೆ." ಅದೇ ದಿನ ನಾನೂ ನಿನಗೆ ಒಂದು ಇಮೇಲ್ ಮಾಡಿದ್ದೆ. ನನಗೂ ಅದೇ ಉತ್ತರ ಬಂತು, ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಹಡಗು ಹತ್ತುವ ದಿನ ನೀನು ಇಟ್ಟುಹೋದ ತಾನಾಗಿ ಹೋಗುವ ಉತ್ತರ ಅದು ಎಂದು ಆಗಲೇ ತಿಳಿಯಿತು. ಆ ಪೆಟ್ಟಿಗೆಯ ಪುಸ್ತಿಕೆ ಬರೆದವಳು ನಾನು, ಅಮ್ಮನಿಗೆ ಹೇಳಬೇಕಾದವಳೂ ನಾನೇ. ಹೇಳಲಿಲ್ಲ. ನಾಳೆ ಹೇಳೋಣ ಎಂದುಕೊಂಡು ಐದು ತಿಂಗಳು ಕಳೆದೆ.

ಅಪ್ಪ ತೀರಿಕೊಂಡಾಗ ನೀನು ಹದಿಮೂರನೆಯ ದಿನ, ಊಟದ ಎಲೆಗಳನ್ನು ತೆಗೆಯುವ ಹೊತ್ತಿಗೆ ಬಂದೆ. ನಡುಸಮುದ್ರದಿಂದ ಇಳಿದು ಬರುವುದು ನಿನ್ನ ಕೈಯಲ್ಲಿರಲಿಲ್ಲ ಎಂದು ನಮಗೆಲ್ಲ ಗೊತ್ತಿತ್ತು. ಆದರೂ ಅಮ್ಮ ಜನರ ನಡುವೆ ನಿನಗೆ "ಇನ್ನು ನೀನು ಬರದಿದ್ರೂ ನಡೀತದೆ" ಎಂದಳು. ನೀನು ಚೀಲ ಬಿಚ್ಚದೆ ಮರುದಿನವೇ ಹೊರಟೆ. ಆ ಮಾತನ್ನು ಅಮ್ಮ ಆಮೇಲೆ ನನ್ನೆದುರು ಒಮ್ಮೆಯೂ ಎತ್ತಲಿಲ್ಲ. ಎತ್ತಿದ್ದು ಆ ಪೆಟ್ಟಿಗೆಯ ಹತ್ತಿರ. ಗಣೇಶ ಚೌತಿಯ ಮಾರನೆಯ ದಿನ ಅವಳು ನಿನಗೊಂದು ಉದ್ದ ಮೆಸೇಜ್ ಬರೆದಳು. ಪರೀಕ್ಷೆಗೆಂದು ಪ್ರತಿಯೊಂದರ ನಕಲು ನನಗೂ ಬರುವಂತೆ ಮಾಡಿಟ್ಟು ತೆಗೆಯಲು ಮರೆತಿದ್ದೆ, ಹಾಗಾಗಿ ಓದಿದೆ. ಓದಬಾರದಿತ್ತು. ಆವತ್ತು ಆಡಿದ ಮಾತಿಗೆ ಅಮ್ಮ ನಿನ್ನಲ್ಲಿ ಕ್ಷಮೆ ಕೇಳಿದ್ದಳು. ನಮ್ಮ ಹಳೆಯ ಪೆಟ್ಟಿಗೆಗೆ ಉದ್ದದ ಕನ್ನಡ ಮೆಸೇಜನ್ನು ಜೋಡಿಸಲು ಬರುವುದಿಲ್ಲ, ಮೂರು ತುಂಡು ಮಾಡಿ ಮೂರು ಇಮೇಲ್ ಕಳಿಸಿತು. ಮೂರು ಉತ್ತರ ಬಂದವು. ಅಮ್ಮ ಅವನ್ನು ಓದಿಸಲು ನನ್ನ ಹತ್ತಿರ ಬರಲಿಲ್ಲ. ಸಂಜೆ ಸುಮ್ಮನೆ "ಅವ ಮೂರು ಸಲ ಬರ್ದ" ಎಂದು ಹೇಳಿ ಅಕ್ಕಿ ನೆನೆಹಾಕಲು ಹೋದಳು. ಆವತ್ತಿನಿಂದ ಅವಳು ಹಾಡು ಗುನುಗುತ್ತಾಳೆ, ಊಟ ಬಿಡುವುದಿಲ್ಲ.

ಈ ಇಪ್ಪತ್ತೆಂಟಕ್ಕೆ ಅಪ್ಪನ ವರ್ಷದ ಕಾರ್ಯ. ನೀನು ಬರುತ್ತೀ ಎಂದು ಅಮ್ಮ ಭಟ್ಟರಿಗೂ ರಂಗೂಬಾಯಿಗೂ ಹೇಳಿಯಾಗಿದೆ. ದಿನ ತಿಳಿಸಿದ ಮೆಸೇಜಿಗೂ ಕೂಡಲೇ ಉತ್ತರ ಬಂದಿದೆಯಲ್ಲ. ನೀನು ಆ ಇಮೇಲ್ ತೆರೆದೇ ಇಲ್ಲವೆಂದು ನನಗೆ ಗೊತ್ತು. ಅಥವಾ ತೆರೆದು, ಓದಿ, ಸುಮ್ಮನಿದ್ದೀಯೋ? ಬಸ್ಸಿನಲ್ಲಿ ಭೋಸರಿಗೆ ಹೋಗುವಾಗಲೂ ಇದೇ ಯೋಚನೆ; ಎರಡು ಸಲ ಸ್ಟಾಪು ದಾಟಿಹೋಗಿದ್ದೇನೆ. ಸಿಟ್ಟಿದ್ದರೆ ನನ್ನ ಮೇಲಿರಲಿ.

ಹುಷಾರಾಗಿರು. ಬಿಸಿ ಎಣ್ಣೆಯ ಹತ್ತಿರ ಅವಸರ ಮಾಡಬೇಡ. ಫಕೀರಪ್ಪನ ನಮಸ್ಕಾರ, ಅಮ್ಮನ ಆಶೀರ್ವಾದ.

ನಿನ್ನ ತಂಗಿ,
ಹರ್ಷಾ

ತಾ.ಕ.: ಲಕೋಟೆ ಅಂಟಿಸಲು ಕೈ ಬರಲಿಲ್ಲ. ಒಳಗೆ ಹೋಗಿ ಅಮ್ಮನಿಗೆ ಎಲ್ಲ ಹೇಳಿಬಿಟ್ಟೆ. ಬನ್ಸ್ ಕರಿಯುತ್ತಿದ್ದಳು; ಬಾಣಲೆಯಲ್ಲಿದ್ದುದನ್ನೆಲ್ಲ ತೆಗೆದು ಒಲೆ ಆರಿಸಿದ ಮೇಲೆ, "ಹಾಗಾದ್ರೆ ಅವನಿಗೆ ಎಂತದ್ದೂ ಗೊತ್ತಿಲ್ಲ ಅಲ್ವಾ?" ಎಂದು ಕೇಳಿದಳು. ಗೊತ್ತಿಲ್ಲ ಎಂದೆ. "ನೀನು ಅದನ್ನು ಕಾಗದದಲ್ಲಿ ಬರೀಬೇಡ. ಫೋನ್ ಮಾಡ್ಲಿಕ್ಕೆ ಮಾತ್ರ ಹೇಳು. ಅದು ನಾನೇ ಹೇಳ್ಬೇಕಾದ್ದು" ಎಂದಳು. ಆಗಲೇ ಬರೆದಾಗಿದೆ; ಇನ್ನೊಂದು ಕಾಗದ ಬರೆಯಲು ಹೊತ್ತಿಲ್ಲ, ಪೃಥ್ವಿರಾಜ್ ರಿಕ್ಷಾ ನಿಲ್ಲಿಸಿಕೊಂಡು ಕಾಯುತ್ತಿದ್ದಾರೆ. ಇದು ಸಿಕ್ಕಿದ ಕೂಡಲೇ ಫೋನ್ ಮಾಡು, ಅಣ್ಣಾ. ಅಮ್ಮ ಹೇಳುವಾಗ ಗೊತ್ತಿಲ್ಲದವನ ಹಾಗೆ ಕೇಳಿಸಿಕೊ.