ರೀನೋದಿಂದ ಬರುವ ಮಗಳು

ಕಾರ್ವೆಲ್,
ಜೂನ್ ೨೪, ಬುಧವಾರ

ಪ್ರೀತಿಯ ಲೇನಿ,

ಮೊದಲ ಮಾತು ನಿನಗಲ್ಲ, ನಿನಗಿಂತ ಮುಂಚೆ ಈ ಲಕೋಟೆ ಒಡೆದು ಓದುತ್ತಿರುವ ಜೈಲಿನ ಸಿಬ್ಬಂದಿಗೆ. ತಮ್ಮಾ, ನಾನೂ ಇದೇ ಕೆಲಸ ಮಾಡುತ್ತಾ ಮುದುಕನಾದವನು. ಪರರ ಪತ್ರ ಓದಿ ಓದಿ ನನ್ನ ಕಣ್ಣಿಗೆ ಕನ್ನಡಕ ಬಂತು. ಇದರಲ್ಲಿ ಕದ್ದುಮುಚ್ಚಿದ್ದು ಏನೂ ಇಲ್ಲ. ಓದಿ ಮುಗಿಸಿ ಬೇಗ ಅವಳ ಕೈಗೆ ಕೊಡು.

ಈಗ ನಿನಗೆ. ಕ್ಷೇಮವೇ ಮಗಳೇ? ಫೆಬ್ರವರಿಯಿಂದ ನಿನಗೊಂದು ಸಾಲು ಬರೆದಿಲ್ಲ, ಗೊತ್ತು. ಬರೆಯುವುದೆಲ್ಲ ನಿನ್ನ ಅಮ್ಮನ ಪಾಲಿಗೆ ಬಿಟ್ಟು ಕೈ ಕಟ್ಟಿ ಕೂತಿದ್ದೆ. 'ಇನ್ನೂ ಹಾಸಿಗೆ ಸಿಕ್ಕಿಲ್ಲ' ಅಂತ ನಾನೂ ಬೇರೆ ಬರೆಯಬೇಕೇ ಅನಿಸುತ್ತಿತ್ತು. ಇವತ್ತು ಬರೆಯುವುದಕ್ಕೆ ಸುದ್ದಿ ಇದೆ. ಸುತ್ತಿಬಳಸುವುದಿಲ್ಲ. ನಿನಗೆ ಹಾಸಿಗೆ ಸಿಕ್ಕಿದೆ ಲೇನಿ. ಇಮೆಲ್ಡಾ ಒರ್ನೆಲಾಸ್ ಅವರ ಚಿಕಿತ್ಸಾ ಮನೆ ಮತ್ತೆ ತೆರೆಯುತ್ತಿದೆ. ಸೋಮವಾರ ಬೆಳಿಗ್ಗೆ ನ್ಯಾಯಾಧೀಶರು ಸಹಿ ಹಾಕುತ್ತಾರೆ, ನಾನು ಜೈಲಿನ ಬಾಗಿಲಲ್ಲಿ ನಮ್ಮ ಹಳೆಯ ಟ್ರಕ್ ನಿಲ್ಲಿಸಿಕೊಂಡಿರುತ್ತೇನೆ. ನಾವು ಗೆದ್ದೆವು.

ಈ ವಾಕ್ಯ ಬರೆದು ಎದ್ದುಹೋಗಿ ಕಾಫಿ ಮಾಡಿಕೊಂಡು ಬಂದೆ. ಕೂತಲ್ಲಿ ಕೂರಲು ಆಗುತ್ತಿಲ್ಲ. ನಿನ್ನಮ್ಮ ಮಾರ್ಲಾ ಅಂತೂ ಬೆಳಗಿನಿಂದ ಹಾಡಿಕೊಂಡು ಬೆಂಡೆಕಾಯಿ ಹುರಿಯುತ್ತಿದ್ದಾಳೆ, ನೀನು ಇವತ್ತೇ ಬಂದು ಊಟಕ್ಕೆ ಕೂರುವವಳ ಹಾಗೆ. ನಿನ್ನ ಕೂಸು ಜೂನಿ ಚೆನ್ನಾಗಿದ್ದಾಳೆ. ಹಿಪ್ಪುನೇರಳೆ ಮರ ಹತ್ತುವುದು ಕಲಿತಿದ್ದಾಳೆ, ಇಳಿಯುವುದು ಕಲಿತಿಲ್ಲ.

ಹೇಗಾಯಿತು ಅಂತ ಪೂರ್ತಿ ಹೇಳುತ್ತೇನೆ, ನಿನಗೂ ಅಲ್ಲಿ ಓದಲು ಬೇರೆ ಏನಿದೆ. ಆ ಕಾನೂನಿಗೆ ನಮ್ಮ ಊರಲ್ಲಿ ಮುಕ್ಕಾಲು ಪಾಲು ಜನ ವೋಟು ಹಾಕಿದರಲ್ಲ, ಮತ್ತೆ ಮತ್ತೆ ಮಾದಕ ವಸ್ತು ಇಟ್ಟುಕೊಂಡು ಸಿಕ್ಕಿಬಿದ್ದವರಿಗೆ ಚಿಕಿತ್ಸೆ ಇಲ್ಲವೇ ಸೆರೆಮನೆ, ಎರಡರಲ್ಲಿ ಒಂದು ಆರಿಸಿಕೊಳ್ಳಿ ಅನ್ನುವ ಕಾನೂನು. ನಾನೂ ಹಾಕಿದೆ. ಆಗ ಅದು ಬೇರೆಯವರ ಮಕ್ಕಳ ಕಾನೂನು ಅಂದುಕೊಂಡಿದ್ದೆ. ಆಮೇಲೆ ನೀನು ಕೋರ್ಟಿನಲ್ಲಿ ನಿಂತು ಚಿಕಿತ್ಸೆ ಬೇಕು ಅಂದೆ, ನ್ಯಾಯಾಧೀಶರು ಆಗಲಿ ಅಂದರು. ಆದರೆ ರಾಜಧಾನಿ ಸ್ಯಾಕ್ರಮೆಂಟೊದವರು ಕಾನೂನಿನ ಜೊತೆ ಹಣ ಕಳಿಸಲಿಲ್ಲ. ಇಡೀ ಕೌಂಟಿಗೆ ಇದ್ದದ್ದು ಇಮೆಲ್ಡಾ ಅವರದೊಂದೇ ಮನೆ. ನರ್ಸ್‌ಗೆ ಸಂಬಳ ಕೊಡಲಾಗದೆ ಅದಕ್ಕೂ ಬೀಗ ಬಿತ್ತು. ನೀನು ಕೌಂಟಿ ಜೈಲಿನಲ್ಲೇ ಕಾಯುತ್ತಾ ಕೂತೆ. ಜುಲೈ ವಾಯಿದೆಯೊಳಗೆ ಹಾಸಿಗೆ ಸಿಗದಿದ್ದರೆ ಇನ್ನು ಕಾಯುವುದು ಬೇಡ, ರಾಜ್ಯದ ದೊಡ್ಡ ಸೆರೆಮನೆಗೇ ಕಳಿಸಿ ಅಂತ ಸರ್ಕಾರಿ ವಕೀಲರ ಕಡೆಯವನು ಕೇಳುತ್ತಾನೆಂದು ನಿನ್ನ ವಕೀಲೆ ಫೋನಿನಲ್ಲಿ ಹೇಳಿದಳು. ಸೆರೆಮನೆ ಅಂದರೆ ಯಾವುದು ಹೇಳು, ನಾನು ಇಡೀ ಆಯುಷ್ಯ ಕಾವಲು ನಿಂತ ಜೈಲಿನ ರಸ್ತೆಯಾಚೆ ಇರುವ ಹೆಂಗಸರದು. ಅದರ ಗೋಪುರದ ದೀಪ ನಮ್ಮ ಹಿತ್ತಲಿಗೆ ಕಾಣುತ್ತದೆ. ಆ ದಿನದಿಂದ ನಾನು ಹಿತ್ತಲ ಕಡೆಯ ಪರದೆ ಸರಿಸಿಲ್ಲ.

ಊರಿಗೆ ನಾವು ಏನು ಹೇಳಿಕೊಂಡು ಬಂದಿದ್ದೇವೆಂದು ನಿನಗೆ ಗೊತ್ತು. ಲೇನಿ ರೀನೋದಲ್ಲಿ ಹೋಟೆಲಿನ ಕೆಲಸದಲ್ಲಿದ್ದಾಳೆ, ಸಂಬಳ ಚೆನ್ನಾಗಿದೆ, ರಜೆ ಸಿಗುವುದಿಲ್ಲ. ಡೋನಟ್ ಅಂಗಡಿಯ ಬೊಫಾ ದಿನಾ ಬೆಳಿಗ್ಗೆ ಕಾಫಿ ಕೊಡುತ್ತಾ, ರೀನೋದಿಂದ ಮಗಳು ಯಾವಾಗ ಬರುತ್ತಾಳೆ ಅಂತ ಕೇಳುತ್ತಿದ್ದಳು. ಜೂನಿಗೆಂದು ಗುಲಾಬಿ ಬಣ್ಣದ ಡೋನಟ್ ಒಂದನ್ನು ಕಟ್ಟಿಕೊಡುತ್ತಿದ್ದಳು. ನಾನು ಹಲ್ಲು ಬಿಟ್ಟು ತಲೆಯಾಡಿಸಿ ಬರುತ್ತಿದ್ದೆ. ಮಗುವಿನ ಎದುರು ಅದೇ ಸುಳ್ಳು ಹೇಳಬೇಕಲ್ಲ ಅಂತ ಅವಳನ್ನು ಆ ಅಂಗಡಿಗೆ ಕರೆದುಕೊಂಡು ಹೋಗುವುದನ್ನೇ ಬಿಟ್ಟಿದ್ದೆ.

ಮೇ ಕೊನೆಗೆ ಇಮೆಲ್ಡಾ ಮನೆಗೆ ಬಂದರು. ಸ್ಯಾಕ್ರಮೆಂಟೊದಲ್ಲಿ ಬಜೆಟ್ ಸಮಿತಿ ಜನರ ಮಾತು ಕೇಳುತ್ತದಂತೆ, ಕೌಂಟಿಯಿಂದ ಒಂದು ಬಸ್ಸು ತುಂಬ ಜನ ಹೋಗಬೇಕು, ಚರ್ಚಿನವರು ಬಸ್ಸು ಕೊಡುತ್ತಾರೆ, ಓಡಿಸಲು ಆಳಿಲ್ಲ ಅಂದರು. ಓಡಿಸುತ್ತೇನೆ, ಮಾತಾಡು ಅಂತ ಮಾತ್ರ ಹೇಳಬೇಡಿ ಅಂದೆ. ಮಾರ್ಲಾ ಅಡುಗೆಮನೆಯಿಂದಲೇ, "ಆರಿನ್, ನಿನ್ನನ್ನ ಮಾತಾಡು ಅಂತ ಯಾರು ಕರೆದ್ರು? ನೀನು ಬಾಯಿ ತೆಗೆದ್ರೆ ಇರೋ ಹಣಾನೂ ವಾಪಸ್ ಹೋಗುತ್ತೆ" ಅಂದಳು. ಅವಳು ಜೂನಿಯ ಜೊತೆ ಉಳಿದಳು, ಟೀವಿಯಲ್ಲಿ ನೋಡುತ್ತೇನೆ ಅಂದಳು.

ಅಲ್ಲಿ ಪದ್ಧತಿ ಹೇಗಿದೆ ಗೊತ್ತೇ? ಗಂಟೆಗಟ್ಟಲೆ ಪ್ರಯಾಣ ಮಾಡಿ ಬಂದವರೆಲ್ಲ ಉದ್ದದ ಸಾಲಿನಲ್ಲಿ ನಿಲ್ಲಬೇಕು. ಮೈಕಿನ ಮುಂದೆ ಬಂದಾಗ ಹೇಳಬೇಕಾದದ್ದು ಮೂರೇ. ನಿಮ್ಮ ಹೆಸರು, ಯಾವ ಸಂಸ್ಥೆ, ಬೆಂಬಲವೋ ವಿರೋಧವೋ. ಅದಕ್ಕಿಂತ ಒಂದು ಮಾತು ಹೆಚ್ಚಾದರೆ ಮೈಕು ನಿಲ್ಲಿಸುತ್ತಾರೆ. ಹೆತ್ತ ಮಗನನ್ನು ಮಣ್ಣು ಮಾಡಿ ಬಂದ ತಾಯಿಯೂ ಅಷ್ಟೇ ಹೇಳಿ ಪಕ್ಕಕ್ಕೆ ಸರಿಯಬೇಕು. ಹೆಸರು, ನಂಬರು ಹೇಳಿಸಿ ಜನರನ್ನು ಸಾಲಿನಲ್ಲಿ ಸಾಗಿಸುವುದು ನನ್ನ ಕಸುಬಾಗಿತ್ತು.

ನಮ್ಮವರಿಗೋ ಸಾಲಿನಲ್ಲಿ ನಿಲ್ಲಲು ಬರುವುದಿಲ್ಲ. ಒಬ್ಬರು ಗೋಡೆಗೆ ಒರಗಿದ್ದಾರೆ, ಒಬ್ಬರು ಬಾಗಿಲಿಗೆ ಅಡ್ಡ, ಇಬ್ಬರು ಸ್ಯಾಂಡ್‌ವಿಚ್ ಬಿಚ್ಚಿದ್ದಾರೆ. ನನ್ನ ಕೈ ಸುಮ್ಮನಿರಲಿಲ್ಲ. ಎಡಗಡೆ ಗೋಡೆಗೆ ನಿಲ್ಲಿ, ದಾರಿ ಬಿಡಿ, ಮುಂದೆ ನಡೆಯಿರಿ ಅಂತ ಎಲ್ಲರನ್ನೂ ನೇರ ಮಾಡಿದೆ. ಸಾಲು ಒಳಗೆ ಹೊರಟಿತು. ಗಾರ್ಡ್ ಯಾವತ್ತೂ ಸಾಲಿನ ಹಿಂದೆ ನಡೆಯುತ್ತಾನೆ, ಕೈದಿಗಳಿಗೆ ಬೆನ್ನು ಕೊಡುವುದಿಲ್ಲ. ಕಾಲು ಅದನ್ನೇ ಮಾಡಿತು. ಬಾಲದಂತೆ ಕೊನೆಯಲ್ಲಿ ನಡೆದುಕೊಂಡು ಹೋದೆ. ಮುಂದಿನವರೆಲ್ಲ ಹೇಳಿ ಸರಿದಾಗ ಮೈಕಿನ ಮುಂದೆ ಉಳಿದವನು ನಾನೊಬ್ಬ. ಹಿಂದೆ ಯಾರೂ ಇಲ್ಲ. ಸಮಿತಿಯ ಅಧ್ಯಕ್ಷೆ ಕಾಗದದ ಮೇಲಿಂದ ಕಣ್ಣೆತ್ತದೆ, ಹೇಳಿ ಅಂದರು.

ನಾನು ಡ್ರೈವರ್ ಅಂತ ಹೇಳಿ ಬರಬಹುದಿತ್ತು. ಆದರೆ ಮೈಕಿನ ಮುಂದೆ ಹೆಸರು ಕೇಳಿದರೆ ಹೆಸರೇ ಬರುತ್ತದೆ. ಆರಿನ್ ಸ್ಟಾಲ್ಕಪ್, ಕಾರ್ವೆಲ್ ಊರು, ಯಾವ ಸಂಸ್ಥೆಯೂ ಇಲ್ಲ, ನಿವೃತ್ತ ಜೈಲು ಗಾರ್ಡ್, ಬೆಂಬಲ ಅಂದೆ.

ಆ ಹೆಂಗಸು ಆಗ ತಲೆಯೆತ್ತಿದರು. "ಒಂದು ನಿಮಿಷ ನಿಲ್ಲಿ. ಬೆಳಗಿನಿಂದ ಒಬ್ಬ ಗಾರ್ಡೂ ಈ ಹಣ ಬೇಕು ಅಂದಿಲ್ಲ. ನೀವ್ಯಾಕೆ ಬಂದ್ರಿ?"

ಅಧ್ಯಕ್ಷರೇ ಪ್ರಶ್ನೆ ಕೇಳಿದರೆ ಮೈಕು ನಿಲ್ಲಿಸುವಂತಿಲ್ಲ. ಇಡೀ ಕೋಣೆ ನನ್ನ ಕಡೆ ತಿರುಗಿತು. ಮೇಲೆ ಕ್ಯಾಮೆರಾದ ಕೆಂಪು ದೀಪ ಉರಿಯುತ್ತಿತ್ತು. ಬೊಫಾಳ ಅಂಗಡಿಯಲ್ಲೂ ಇದನ್ನೇ ಹಾಕಿರುತ್ತಾರೆಂದು ಗೊತ್ತಿತ್ತು ಲೇನಿ. ರೀನೋ ಅಂತ ಹೇಳಿಕೊಂಡು ಬಂದದ್ದೆಲ್ಲ ಅಲ್ಲಿಗೆ ಮುಗಿಯುತ್ತದೆಂದೂ ಗೊತ್ತಿತ್ತು. ನಾನು ಹೇಳಿದ್ದನ್ನು ಹಾಗೇ ಬರೆಯುತ್ತೇನೆ:

"ನನ್ನ ಮಗಳು ಡೆಲಾನಿ, ನಮ್ಮ ಲೇನಿ, ಕೌಂಟಿ ಜೈಲಲ್ಲಿ ಕೂತಿದ್ದಾಳಮ್ಮ. ಚಿಕಿತ್ಸೆ ಬೇಕು ಅಂತ ಅವಳೇ ಕೇಳಿದ್ಲು, ಜಡ್ಜು ಕೊಟ್ರು. ಮಲಗೋಕೆ ಹಾಸಿಗೆ ಇಲ್ಲ. ನಾನು ಜೈಲಿನ ಬಾಗಿಲು ಕಾದವನು, ಹೋದವ್ರು ಅದೇ ರೋಗ ಹೊತ್ಕೊಂಡು ವಾಪಸ್ ಬರೋದನ್ನ ನೋಡಿದವನು. ನಮ್ಮೂರು ವೋಟು ಹಾಕಿದ್ದು ಬಾಗಿಲು ತೆರೀಲಿ ಅಂತ. ನೀವು ಬಾಗಿಲು ಕೊಟ್ರಿ, ಒಳಗೆ ಮನೇನೇ ಕೊಡಲಿಲ್ಲ."

ನಮ್ಮವರು ಚಪ್ಪಾಳೆ ಹೊಡೆದುಬಿಟ್ಟರು. ಅಲ್ಲಿ ಚಪ್ಪಾಳೆ ಹೊಡೆಯುವಂತಿಲ್ಲ, ಕೈ ಮೇಲೆತ್ತಿ ಬೆರಳು ಆಡಿಸಬೇಕಂತೆ. ಅಧ್ಯಕ್ಷೆ ಸುತ್ತಿಗೆ ಕುಟ್ಟಿದರು, ಆದರೆ ಮೆಲ್ಲಗೆ ಕುಟ್ಟಿದರು. ಬಸ್ಸಿನಲ್ಲಿ ಇಮೆಲ್ಡಾ ನನ್ನ ಹಿಂದಿನ ಸೀಟಿನಲ್ಲಿ ಕೂತು ಊರು ತಲುಪುವವರೆಗೆ ಮೂಗು ಒರೆಸಿಕೊಳ್ಳುತ್ತಲೇ ಇದ್ದರು.

ಮರುದಿನ ಡೋನಟ್ ಅಂಗಡಿಯ ಎದುರು ಟ್ರಕ್ಕಿನಲ್ಲಿ ಬಹಳ ಹೊತ್ತು ಕೂತಿದ್ದೆ. ಕಾಫಿ ಬಿಟ್ಟೇಬಿಡೋಣ ಅನಿಸಿತು. ಕೊನೆಗೆ ಇಳಿದೆ. ಒಳಗೆ ಹೋದೆ. ಬೊಫಾ ಎಂದಿನಂತೆ ಕಾಫಿ ಸುರಿದಳು, ಗುಲಾಬಿ ಡೋನಟ್ ಕಟ್ಟಿದಳು. ಆಮೇಲೆ ಮುಂದಕ್ಕೆ ಬಾಗಿ, "ನಮ್ಮ ತಮ್ಮನೂ ರೀನೋದಲ್ಲಿದ್ದ, ಆರಿನ್. ಎರಡು ವರ್ಷ" ಅಂದಳು. ಮೂಲೆಯ ಮೇಜಿನಲ್ಲಿದ್ದ ನನ್ನ ಹಳೆಯ ಜೊತೆಗಾರ ಗಾರ್ಡ್ ಡಾಯ್ಲ್ ಕಪ್ಪು ನೋಡುತ್ತಲೇ, ತನ್ನ ಅಳಿಯನದೂ ಅದೇ ಊರು ಅಂದ. ಯಾರೋ ನಕ್ಕರು, ಆಮೇಲೆ ಎಲ್ಲರೂ ನಕ್ಕರು. ಇಷ್ಟು ಜನ ಅಲ್ಲಿದ್ದರೆ ರೀನೋದಲ್ಲಿ ಹೋಟೆಲುಗಳು ಸಾಲವು ಮಗಳೇ.

ಬಜೆಟ್ ಹೊತ್ತಿಗೆ ಸರಿಯಾಗಿ ಪಾಸಾಯಿತು. ಕಾನೂನಿನ ಪಾಲಿನ ಹಣ ಕೌಂಟಿಗಳಿಗೆ ಅಂತ ಅದರಲ್ಲಿ ಬಂತು. ಕೇಳಿದಷ್ಟು ಇಲ್ಲ, ಆದರೆ ಕಾರ್ವೆಲ್‌ನ ಮನೆ ತೆರೆಯಲು ಸಾಕು. ನಿನ್ನಪ್ಪನ ಮಾತಿನಿಂದ ಬಂತು ಅಂತ ನಾನು ಕೊಚ್ಚಿಕೊಳ್ಳುವುದಿಲ್ಲ, ಆ ಸಾಲಿನಲ್ಲಿ ನಿಂತವರೆಲ್ಲರಿಂದ ಬಂತು. ಮಾರ್ಲಾ ಮಾತ್ರ ಬೀದಿಯಲ್ಲಿ ಸಿಕ್ಕವರಿಗೆಲ್ಲ ನನ್ನ ಗಂಡನಿಂದಲೇ ಬಂತು ಅಂತ ಹೇಳಿಕೊಂಡು ತಿರುಗುತ್ತಿದ್ದಾಳೆ. ನಾನು ತಡೆಯಲಿಲ್ಲ.

ಹಳೆಯ ನರ್ಸನ್ನೇ ಮತ್ತೆ ಕರೆಸಿದ್ದಾರೆ. ಡಾಯ್ಲ್ ಮತ್ತು ನಾನು ಗೋಡೆಗೆ ಬಣ್ಣ ಹೊಡೆದೆವು, ಮಂಚ ಜೋಡಿಸಿದೆವು. ಕೋಣೆಗಳಿಗೆ ಚಿಲಕ ಹಾಕುವ ಕೆಲಸ ನಾನೇ ವಹಿಸಿಕೊಂಡೆ. ಎಲ್ಲ ಮುಗಿಸಿ ಇಮೆಲ್ಡಾ ಅವರನ್ನು ಕರೆದು ಹೆಮ್ಮೆಯಿಂದ ತೋರಿಸಿದೆ. ಅವರು ಬಾಗಿಲು ನೋಡಿದರು, ನನ್ನ ಮುಖ ನೋಡಿದರು, ನಗು ತಡೆಯಲಾರದೆ ಮಂಚದ ಮೇಲೆ ಕೂತರು. ಒಂದು ಬಿಡದೆ ಎಲ್ಲ ಬಾಗಿಲಿಗೂ ನಾನು ಚಿಲಕವನ್ನು ಹೊರಗಡೆ ಜಡಿದಿದ್ದೆ. "ಸ್ಟಾಲ್ಕಪ್ ಅವರೇ, ಇಲ್ಲಿ ಚಿಲಕ ಒಳಗಡೆ ಇರುತ್ತೆ. ಹಾಕ್ಕೊಳ್ಳೋದೂ ಅವರೇ, ತೆಗೆಯೋದೂ ಅವರೇ" ಅಂದರು. ಎಲ್ಲವನ್ನೂ ಬಿಚ್ಚಿ ಒಳಗಡೆ ಹಾಕಿದೆ. ನಿನ್ನ ಕೋಣೆಯದನ್ನು ಮಾತ್ರ ಎಣ್ಣೆ ಬಿಟ್ಟು, ಸದ್ದಿಲ್ಲದೆ ಸರಿಯುವವರೆಗೆ ತಿದ್ದಿದೆ. ಕಿಟಕಿ ಪೂರ್ವಕ್ಕಿದೆ, ಬಾದಾಮಿ ತೋಟ ಕಾಣುತ್ತದೆ, ಗೋಪುರ ಕಾಣುವುದಿಲ್ಲ.

ಮುಂದೆ ಸುಲಭ ಅಂತ ನಾನು ಹೇಳುವುದಿಲ್ಲ. ನೀನು ಆ ಮನೆಯಿಂದ ಎದ್ದು ಹೊರಟರೆ ತಡೆಯಲು ಚಿಲಕವೂ ಇಲ್ಲ, ಗಾರ್ಡೂ ಇಲ್ಲ. ಆದರೆ ಚಿಕಿತ್ಸೆ ಕೇಳಿದವಳು ನೀನೇ, ಯಾರೂ ಹೇಳಿಕೊಟ್ಟದ್ದಲ್ಲ. ಆ ದಿನ ಕೋರ್ಟಿನ ಹಿಂದಿನ ಬೆಂಚಿನಲ್ಲಿ ಕೂತು ನಾನು ಕೇಳಿಸಿಕೊಂಡೆ. ನಿನ್ನ ಮೇಲೆ ನನಗೆ ಹೆಮ್ಮೆ ಇದೆ ಲೇನಿ. ಇದನ್ನು ಬಾಯಿಬಿಟ್ಟು ಹೇಳಿ ಬಹಳ ಕಾಲವಾಯಿತು, ಅದಕ್ಕೇ ಬರೆದೆ.

ಸೋಮವಾರ ನೀಲಿ ಅಂಗಿ ಹಾಕಿಕೊಂಡಿರುತ್ತೇನೆ, ನಿನ್ನಮ್ಮ ಇಸ್ತ್ರಿ ಮಾಡಿಟ್ಟಿದ್ದಾಳೆ. ದೇವರು ನಿನ್ನನ್ನು ಗಟ್ಟಿಯಾಗಿಡಲಿ, ನಿನ್ನ ಕೈಕಾಲಿಗೆ ಬಲ ಕೊಡಲಿ, ರಾತ್ರಿ ಒಳ್ಳೆಯ ನಿದ್ದೆ ಕೊಡಲಿ.

ನಿನ್ನನ್ನು ಕಾಯುತ್ತಿರುವ,
ಅಪ್ಪ

ಮರೆತದ್ದು: ಮರೆತದ್ದಲ್ಲ, ಬರೆಯಲೋ ಬೇಡವೋ ಅಂತ ಕೊನೆಗೆ ಉಳಿಸಿಕೊಂಡಿದ್ದೆ. ಸ್ಯಾಕ್ರಮೆಂಟೊದಿಂದ ಮನೆಗೆ ಬಂದಾಗ ಜೂನಿ ಬಾಗಿಲಲ್ಲೇ ನಿಂತಿದ್ದಳು. ನನ್ನನ್ನು ಟೀವಿಯಲ್ಲಿ ನೋಡಿದ ಸಂಭ್ರಮ ಅಂದುಕೊಂಡೆ. ಅವಳು ನನ್ನ ಪ್ಯಾಂಟು ಹಿಡಿದುಕೊಂಡು, "ತಾತ, ನಿಂಗೆ ಮಗಳಿದ್ದಾಳಾ?" ಅಂದಳು. ನೀನು ಮನೆ ಬಿಟ್ಟಾಗ ಅವಳಿಗೆ ಸರಿಯಾಗಿ ನಡೆಯಲೂ ಬರುತ್ತಿರಲಿಲ್ಲ. ಊರಿಗೆ ಹೇಳಿದ ಸುಳ್ಳನ್ನು ಮಗುವಿಗೆ ಹೇಳಬಾರದೆಂದು ನಾವು ಮನೆಯಲ್ಲಿ ನಿನ್ನ ಹೆಸರೇ ಎತ್ತುತ್ತಿರಲಿಲ್ಲ. ಮಾರ್ಲಾ ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡಳು. ನಾನು ಇದ್ದಾಳೆ ಅಂದೆ. ಅವಳು ಮರ ಹತ್ತುತ್ತಾಳಾ ಅಂತ ಕೇಳಿದಳು. ಚಿಕ್ಕವಳಿದ್ದಾಗ ಇದೇ ಮರ ಹತ್ತುತ್ತಿದ್ದಳು, ಇಳಿಯಲೂ ಬರುತ್ತಿತ್ತು ಅಂದೆ. ಈಗ ದಿನಾ ಮರದ ಮೇಲೆ ಕೂತು, ತಾತನ ಮಗಳು ಬಂದು ಇಳಿಸುತ್ತಾಳೆ ಅಂತ ಹಟ ಹಿಡಿಯುತ್ತಾಳೆ. ಆ ಮಗಳು ತನಗೆ ಏನಾಗಬೇಕೆಂದು ಅವಳಿಗೆ ನಾನಿನ್ನೂ ಹೇಳಿಲ್ಲ. ಅದು ನಿನ್ನ ಬಾಯಿಂದ ಬರಬೇಕಾದ ಮಾತು.