ವರಾಂಡದಲ್ಲಿ ಕೂತವನು

ಮಾರ್ಚ್ ೯, ಸೆಬು

ಮಳೆಗಾಲಕ್ಕೆ ಮೊದಲೇ ಗಂಡನ ಹುಟ್ಟೂರಾದ ಸಿಕಿಹೋರ್ ದ್ವೀಪದಲ್ಲಿ ರಜೆ ಕಳೆಯೋಣವೆಂದು ಹಟ ಹಿಡಿದವಳು ನಾನೇ. ಸಂಜೆ ಕೋಣೆ ಗೊತ್ತುಮಾಡಲು ಅಲ್ಲಿನ ವಸತಿಗೃಹದ ಸಾಬೆಲಕ್ಕನಿಗೆ ಫೋನ್ ಮಾಡಿದೆ.

“ನಿನ್ನ ಗಂಡ ಬೆಳಿಗ್ಗೇನೇ ಬಂದ್ನಲ್ಲಮ್ಮ! ವರಾಂಡದಲ್ಲೇ ಕೂತಿದ್ದಾನೆ, ಮೈಯೆಲ್ಲ ಒದ್ದೆ.”

ನನ್ನ ಗಂಡ ಡೆಲ್ಫಿನ್ ಪಕ್ಕದಲ್ಲೇ ಮಾವಿನಹಣ್ಣು ಹೆಚ್ಚುತ್ತಿದ್ದ. ಅವನ ಅವಳಿ ತಮ್ಮ ಅಮಾಡೊ ನಮ್ಮ ಮದುವೆಗೆ ಮುಂಚೆ ಅದೇ ದ್ವೀಪದ ಕಡಲಲ್ಲಿ ಮುಳುಗಿದ್ದ. ಹೆಣ ಸಿಕ್ಕಿರಲಿಲ್ಲ.

ಡೆಲ್ಫಿನ್ ಫೋನ್ ಕಿತ್ತುಕೊಂಡ. “ಅವನಿಗೆ ಕೊಡಕ್ಕ.” ಬಹಳ ಹೊತ್ತು ಕೇಳಿಸಿಕೊಂಡು ಕೊನೆಗೆ ನಕ್ಕ. “ಬರ್ತೀನೋ, ಇರು.”

ಏನು ಮಾತಾಯಿತೆಂದು ನನಗೆ ಹೇಳುತ್ತಿಲ್ಲ. “ನೀನು ಬರಬೇಡ” ಎಂದನಷ್ಟೆ.

ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಕೊರಳಿಗೆ ಕಟ್ಟಿಕೊಂಡಿದ್ದೇನೆ. ಅವನು ಕೀಲಿ ಕೇಳಲೂ ಇಲ್ಲ. ಚಪ್ಪಲಿ ಹಾಕಿಕೊಂಡೇ ಮಲಗಿದ್ದಾನೆ, ಕಣ್ಣು ತೆರೆದುಕೊಂಡು, ಬಾಗಿಲ ಕಡೆಗೇ…